ಬ್ಯಾಕಪ್ ಒಳಗೆ ಇನ್ನೊಂದು ‘ಮದುವೆಗಳು’: ಸ್ಕ್ರಿಪ್ಟಿನಿಂದ ಫೋಲ್ಡರ್ ನಕಲಿಸುವುದು ಹೇಗೆ?

ಮಂಡ್ಯ ಸ್ಟುಡಿಯೊ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ ಇದೆ. ಆಷಾಢ ಬಂತೆಂದರೆ ಮದುವೆ ಇಲ್ಲ, ಗೃಹಪ್ರವೇಶವೂ ಇಲ್ಲ. ಲೆನ್ಸ್ ಒರೆಸುವುದು, ಬಾಕಿ ವಸೂಲಿ, ಬ್ಯಾಕಪ್, ಈ ಮೂರೇ ಕೆಲಸ. ಬಾಕಿ ವಸೂಲಿಗೆ ಯಾವ ಸ್ಕ್ರಿಪ್ಟೂ ಇಲ್ಲವೆಂದು ಗೊತ್ತು, ಬ್ಯಾಕಪ್ ಬಗ್ಗೆ ಕೇಳುತ್ತೇನೆ.

ಡಿ ಡ್ರೈವಿನಲ್ಲಿ ‘ಮದುವೆಗಳು’ ಎಂಬ ಫೋಲ್ಡರ್ ಇದೆ. ಅದರೊಳಗೆ ವರ್ಷ, ವರ್ಷದೊಳಗೆ ಒಂದೊಂದು ಮದುವೆ. ಎರಡು ವರ್ಷದ ಹಿಂದೆ 4 ಟಿಬಿ ಹಾರ್ಡ್ ಡಿಸ್ಕ್ ತಂದಾಗ ಅಕ್ಕನ ಮಗ, ವಿಂಡೋಸಿಗೆ ಟೈಪ್ ಮಾಡಿ ಆದೇಶ ಕೊಡುವ ಪವರ್‌ಶೆಲ್‌ನಲ್ಲಿ ಒಂದೇ ಸಾಲಿನ ಸ್ಕ್ರಿಪ್ಟ್ ಬರೆದುಕೊಟ್ಟ. ‘ಮದುವೆಗಳು’ ಫೋಲ್ಡರನ್ನು ಇ ಡ್ರೈವಿನ ‘ಬ್ಯಾಕಪ್’ಗೆ ನಕಲಿಸು, ಅಷ್ಟೇ. ಮೊದಲ ಸಲ ಸೊಗಸಾಗಿ ಆಯಿತು. ಹೋದ ಆಷಾಢದಲ್ಲಿ ಮತ್ತೆ ಓಡಿಸಿದೆ, ದೂರು ಏನೂ ಬರಲಿಲ್ಲ. ಮೊನ್ನೆ ಮೂರನೆಯ ಸಲ ಓಡಿಸಿದರೆ ಡಿಸ್ಕ್ ತುಂಬಿದೆ ಎಂದು ಅರ್ಧದಲ್ಲಿ ನಿಂತಿತು. ತೆರೆದು ನೋಡಿದರೆ ‘ಬ್ಯಾಕಪ್’ ಒಳಗೆ ಹಳೆಯ ವರ್ಷಗಳ ಫೋಲ್ಡರುಗಳೂ ಇವೆ, ಅವುಗಳ ಪಕ್ಕದಲ್ಲೇ ‘ಮದುವೆಗಳು’ ಎಂಬ ಇನ್ನೊಂದು ಫೋಲ್ಡರೂ ಇದೆ, ಅದರೊಳಗೆ ಮತ್ತೆ ಅವೇ ವರ್ಷಗಳು. ಸ್ಕ್ರಿಪ್ಟಿನಲ್ಲಿ ಒಂದು ಅಕ್ಷರವನ್ನೂ ನಾನು ಬದಲಿಸಿಲ್ಲ. ಒಂದೇ ಸಾಲು ಒಂದೊಂದು ಸಲ ಒಂದೊಂದು ರೀತಿ ನಡೆದುಕೊಳ್ಳುವುದು ಹೇಗೆ? ಹುಡುಗ ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ, ಫೋನ್ ಮಾಡಿದರೆ ‘ಮಾವ, ಮೀಟಿಂಗಿನಲ್ಲಿದ್ದೇನೆ’ ಎನ್ನುತ್ತಾನೆ.

ಬನ್ನಿಮಂಟಪ · ಸೋಮವಾರ, ರಾತ್ರಿ 9:58

ಅಣ್ಣ, ಇದಕ್ಕೆಲ್ಲ ಸ್ಕ್ರಿಪ್ಟ್ ಯಾಕೆ? ಮೌಸಿನಿಂದ ಎಳೆದು ಹಾಕಿದರೆ ಆಯಿತು.

ಕುವೆಂಪುನಗರ ಕೋಡಿಗ · ಸೋಮವಾರ, ರಾತ್ರಿ 10:31

@ಬನ್ನಿಮಂಟಪ, ಹತ್ತು ಫೋಲ್ಡರಿಗಾದರೆ ಸರಿ. ಇವರದು ಲಕ್ಷಗಟ್ಟಲೆ ಫೈಲು. ಎಳೆದು ಹಾಕಿ ಊಟಕ್ಕೆ ಹೋದಾಗ ಕರೆಂಟ್ ಹೋದರೆ ಯಾವ ಮದುವೆಯ ಯಾವ ಚಿತ್ರದವರೆಗೆ ಬಂದಿತ್ತು ಎಂದು ಹೇಳುವವರು ಯಾರು?

@ಮಂಡ್ಯ ಸ್ಟುಡಿಯೊ, ಸ್ಕ್ರಿಪ್ಟ್ ಬದಲಾಗಿಲ್ಲ ನಿಜ, ಡಿಸ್ಕ್ ಬದಲಾಗಿದೆ. ಅದು ನಕಲಿಸುವ ಕಾಪಿ-ಐಟಂ ಆದೇಶಕ್ಕೆ, ಒಳಗಿನ ಫೋಲ್ಡರುಗಳೂ ಬರಲಿ ಎನ್ನುವ ರಿಕರ್ಸ್ ಸೇರಿಸಿದ ಸಾಲು ಇರಬೇಕು. ಅದರ ಸ್ವಭಾವ ಹೀಗೆ: ಗುರಿಯಾಗಿ ಕೊಟ್ಟ ಫೋಲ್ಡರ್ ಇನ್ನೂ ಹುಟ್ಟಿಲ್ಲದಿದ್ದರೆ, ಆ ಹೆಸರಿನಲ್ಲಿ ಹೊಸದೊಂದನ್ನು ಮಾಡಿ ಮೂಲದಲ್ಲಿರುವುದನ್ನೆಲ್ಲ ಅದಕ್ಕೆ ತುಂಬುತ್ತದೆ. ಗುರಿ ಮೊದಲೇ ಇದ್ದರೆ ಮೂಲ ಫೋಲ್ಡರನ್ನೇ ಎತ್ತಿ ಅದರೊಳಗೆ ಇಡುತ್ತದೆ. ರಾಗಿಯನ್ನು ಡ್ರಮ್ಮಿಗೆ ಸುರಿಯುವುದು ಒಂದು, ರಾಗಿ ಚೀಲವನ್ನು ಚೀಲದ ಸಮೇತ ಡ್ರಮ್ಮಿನೊಳಗೆ ಇಳಿಸುವುದು ಇನ್ನೊಂದು. ಮೊದಲ ಸಲ ನಿಮ್ಮ ಡ್ರಮ್ಮೇ ಇರಲಿಲ್ಲ, ಸುರಿಯಿತು. ಎರಡನೆಯ ಸಲ ಡ್ರಮ್ಮು ಇತ್ತು, ಚೀಲವನ್ನೇ ಇಳಿಸಿತು. ಮೂರನೆಯ ಸಲ ಒಳಗಿನ ಆ ಚೀಲ ಕಂಡಿತು, ಅದಕ್ಕೇ ಮೇಲಿಂದ ತುಂಬಿತು. ಆದ್ದರಿಂದ ಹೊರಗಿರುವುದು ಎರಡು ವರ್ಷದ ಹಿಂದಿನ ಸ್ಥಿತಿ, ಒಳಗಿರುವುದು ಅರ್ಧಕ್ಕೆ ನಿಂತ ಈ ವರ್ಷದ್ದು.

ಸುಲಭ ಪರಿಹಾರ: ‘ಬ್ಯಾಕಪ್’ ಫೋಲ್ಡರ್ ಇದೆ ಎಂದು ಮೊದಲು ಖಚಿತ ಮಾಡಿಕೊಂಡು, ಮೂಲದ ಹಾದಿಯ ಕೊನೆಗೆ ಒಂದು ಹಿಂದೋರೆ ಗೆರೆ (ಬ್ಯಾಕ್‌ಸ್ಲ್ಯಾಷ್) ಮತ್ತು ನಕ್ಷತ್ರ ಹಾಕಿ. ಆಗ ಚೀಲ ಬಿಟ್ಟು ರಾಗಿ ಮಾತ್ರ ಹೋಗುತ್ತದೆ.

ಇಡೀ ಸಾಲನ್ನು ಬರೆದುಕೊಡುತ್ತಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಅರ್ಥವಾಗದ ಸಾಲನ್ನು ಅಂಟಿಸಿ ಓಡಿಸಿದ್ದರಿಂದಲೇ ಈ ಕಥೆ ಶುರುವಾದದ್ದು. ಮಾತಿನಲ್ಲಿ ಹೇಳುತ್ತೇನೆ, ನೀವೇ ಟೈಪ್ ಮಾಡಿ.

ನಿವೃತ್ತ ಮೇಷ್ಟರು · ಮಂಗಳವಾರ, ಬೆಳಿಗ್ಗೆ 6:12

ಕೋಡಿಗರು ಚೆನ್ನಾಗಿ ವಿವರಿಸಿದ್ದಾರೆ. ಈ ಗೊಂದಲ ಇವತ್ತಿನದಲ್ಲ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ವಿಬಿಸ್ಕ್ರಿಪ್ಟ್ ಎಂಬ ಭಾಷೆಯ ಫೈಲ್‌ಸಿಸ್ಟಮ್‌ಆಬ್ಜೆಕ್ಟ್‌ನಲ್ಲಿ ಕಾಪಿಫೋಲ್ಡರ್ ಎಂಬ ನಕಲಿಸುವ ಆದೇಶವಿತ್ತು. ಗುರಿಯ ಹಾದಿ ಹಿಂದೋರೆ ಗೆರೆಯಿಂದ ಮುಗಿದರೆ ‘ಇದು ಈಗಾಗಲೇ ಇರುವ ಫೋಲ್ಡರ್, ಇದರೊಳಗೆ ಇಡು’ ಎಂದು ಅರ್ಥ. ಗೆರೆ ಇಲ್ಲದಿದ್ದರೆ ‘ಈ ಹೆಸರಿನದಾಗಿ ಮಾಡು’ ಎಂದು ಅರ್ಥ. ಪ್ರಾಯೋಗಿಕ ಪರೀಕ್ಷೆಯಲ್ಲಿ ಈ ಒಂದು ಗೆರೆಗೆ ಅಂಕ ಕಳೆದಿದ್ದೇನೆ, ಮಕ್ಕಳು ಶಪಿಸಿದ್ದಾರೆ. 2023ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಆ ಭಾಷೆಗೇ ನಿವೃತ್ತಿ ಘೋಷಿಸಿತು. ನನಗಿಂತ ತಡವಾಗಿ.

ಪಶ್ಚಿಮವಾಹಿನಿ · ಮಂಗಳವಾರ, ಬೆಳಿಗ್ಗೆ 8:05

ಲಿನಕ್ಸಿನಲ್ಲೂ ಅದೇ ಹಣೆಬರಹ. ನಕಲಿಸುವ ಸಿಪಿ ಆದೇಶ, ಗುರಿ ಇದೆಯೋ ಇಲ್ಲವೋ ನೋಡಿಕೊಂಡು ಬಣ್ಣ ಬದಲಿಸುತ್ತದೆ. ಆರ್‌ಸಿಂಕ್ ಮಾತ್ರ ಮರ್ಯಾದಸ್ಥ. ಮೂಲದ ಹೆಸರಿನ ಕೊನೆಗೆ ಓರೆಗೆರೆ ಹಾಕಿದರೆ ಒಳಗಿರುವುದು, ಹಾಕದಿದ್ದರೆ ಫೋಲ್ಡರಿನ ಸಮೇತ. ಗುರಿ ಮೊದಲೇ ಇತ್ತೋ ಇಲ್ಲವೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. 1996ರಿಂದ ಇರುವ ಉಪಕರಣ, ಬದಲಾಗದ ಫೈಲನ್ನು ಮತ್ತೆ ಮುಟ್ಟುವುದೂ ಇಲ್ಲ. ಸ್ಟುಡಿಯೊದವರು ಲಿನಕ್ಸಿಗೆ ಬರುತ್ತೀರಾ ಎಂದು ಕೇಳಿ ಜಗಳ ಹಚ್ಚುವುದಿಲ್ಲ.

ಮಂಡ್ಯ ಸ್ಟುಡಿಯೊ · ಮಂಗಳವಾರ, ಮಧ್ಯಾಹ್ನ 1:20

ರಾಗಿ ಚೀಲ ತಲೆಗೆ ಹತ್ತಿತು, ಧನ್ಯವಾದ. ಹಳೆಯದನ್ನು ಮುಟ್ಟದೆ, ನೋಟ್‌ಪ್ಯಾಡಿನಲ್ಲಿ ಹೊಸ ಸ್ಕ್ರಿಪ್ಟ್ ಬರೆದು ಪುಟ್ಟ ಪೆನ್ ಡ್ರೈವಿನ ಮೇಲೆ ಪ್ರಯೋಗ ಮಾಡಿದೆ. ಈಗ ಹೊಸ ರೋಗ. ‘ಮದುವೆಗಳು’ ಎಂಬ ಹಾದಿಯೇ ಇಲ್ಲ ಎನ್ನುತ್ತದೆ! ಕೆಂಪು ಅಕ್ಷರದ ದೂರಿನಲ್ಲಿ ಕನ್ನಡದ ಜಾಗದಲ್ಲಿ ಕಾಗೆ ಕಾಲು ಗುಬ್ಬಿ ಕಾಲು. ಹಳೆಯ ಸ್ಕ್ರಿಪ್ಟಿಗೆ ಅದೇ ಹೆಸರು ಅರ್ಥವಾಗುತ್ತದೆ, ಹೊಸದಕ್ಕೆ ಆಗುವುದಿಲ್ಲ.

ಕುವೆಂಪುನಗರ ಕೋಡಿಗ · ಮಂಗಳವಾರ, ಮಧ್ಯಾಹ್ನ 2:02

ಕನ್ನಡದಲ್ಲಿ ಹೆಸರಿಟ್ಟವರೆಲ್ಲ ಒಮ್ಮೆ ಕಟ್ಟುವ ಸುಂಕ ಇದು. ವಿಂಡೋಸಿನ ಜೊತೆ ಬರುವ ಪವರ್‌ಶೆಲ್ 5.1 ಸ್ಕ್ರಿಪ್ಟ್ ಫೈಲನ್ನು ತೆರೆದಾಗ, ಮೊದಲಲ್ಲಿ ಬಿಒಎಂ ಎಂಬ ಮೂರು ಬೈಟಿನ ಗುರುತು ಇದ್ದರೆ ಮಾತ್ರ ಎಲ್ಲ ಲಿಪಿಗಳನ್ನೂ ಬರೆಯುವ ಯುಟಿಎಫ್-8 ಎಂದು ಓದುತ್ತದೆ. ಗುರುತು ಇಲ್ಲದಿದ್ದರೆ ಕನ್ನಡವಿಲ್ಲದ ಹಳೆಯ ಆನ್ಸಿ ಸಂಕೇತಪದ್ಧತಿ ಎಂದುಕೊಂಡು ಒಂದೊಂದು ಕನ್ನಡ ಅಕ್ಷರವನ್ನೂ ಮೂರು ಚೂರು ಮಾಡಿ ಓದುತ್ತದೆ. ನೋಟ್‌ಪ್ಯಾಡ್ 2019ರಲ್ಲಿ ಬಂದ ವಿಂಡೋಸ್ 10ರ 1903 ಆವೃತ್ತಿಯಿಂದ ಹೊಸ ಫೈಲುಗಳನ್ನು ಆ ಗುರುತಿಲ್ಲದೆ ಉಳಿಸುತ್ತದೆ. ನಿಮ್ಮ ಸೋದರಳಿಯ ಗುರುತಿನೊಂದಿಗೆ ಉಳಿಸಿದ್ದಾನೆ, ಹುಡುಗ ಜಾಣ. ‘ಸೇವ್ ಆ್ಯಸ್’ನಲ್ಲಿ ಎನ್‌ಕೋಡಿಂಗ್ ಪಟ್ಟಿ ತೆರೆದು ಯುಟಿಎಫ್-8 ವಿತ್ ಬಿಒಎಂ ಆರಿಸಿ. ಪವರ್‌ಶೆಲ್ 7 ಹಾಕಿಕೊಂಡರೆ ಈ ಗೋಜೇ ಇಲ್ಲ.

ಆದರೆ ನಿಜವಾಗಿ ಹೇಳುವುದಾದರೆ, ಪ್ರತಿ ವರ್ಷ ಮಾಡುವ ಕೆಲಸಕ್ಕೆ ನಾನಾಗಿದ್ದರೆ ಪೈಥಾನ್ ಭಾಷೆ ಬಳಸುತ್ತೇನೆ. ಅದರ ಷಟಿಲ್ ಮಾಡ್ಯೂಲಿನಲ್ಲಿ ಕಾಪಿಟ್ರೀ ಇದೆ. ಮೂಲ, ಗುರಿ ಎರಡನ್ನು ಕೊಟ್ಟರೆ ಇಡೀ ಮರವನ್ನು ನಕಲಿಸುತ್ತದೆ. ಎಲ್ಲಕ್ಕಿಂತ ನನಗೆ ಹಿಡಿಸಿದ ಗುಣ ಅದರ ಹಟ: ಗುರಿ ಮೊದಲೇ ಇದ್ದರೆ ಒಳಗೆ ಇಡಲೋ ಸುರಿಯಲೋ ಎಂದು ತಾನೇ ಊಹಿಸುವುದಿಲ್ಲ. ‘ಫೋಲ್ಡರ್ ಆಗಲೇ ಇದೆ’ ಎಂದು ದೂರಿ ನಿಂತುಬಿಡುತ್ತದೆ. ಇರುವುದಕ್ಕೇ ಸುರಿಯಬೇಕಾದರೆ ಡರ್ಸ್-ಎಗ್ಸಿಸ್ಟ್-ಓಕೆ ಎಂಬುದಕ್ಕೆ ಟ್ರೂ ಎಂದು ಬಾಯಿಬಿಟ್ಟು ಹೇಳಬೇಕು. ಪೈಥಾನ್ 3.8ರಿಂದ ಈ ಸೌಕರ್ಯ ಇದೆ. ಅದಕ್ಕೂ ಮುಂಚೆ ನಾವೆಲ್ಲ ಓಎಸ್ ವಾಕ್ ಹಿಡಿದು ಒಂದೊಂದೇ ಫೋಲ್ಡರ್ ಹೊಕ್ಕು ನಕಲಿಸುತ್ತಿದ್ದೆವು.

ಇನ್ನೊಂದು ಒಳ್ಳೆಯ ಗುಣ: ಮಧ್ಯೆ ಒಂದು ಫೈಲ್ ಕೈಕೊಟ್ಟರೆ ಅಲ್ಲೇ ಕೈಚೆಲ್ಲುವುದಿಲ್ಲ. ಉಳಿದವನ್ನು ಮುಗಿಸಿ, ಆಗದೆ ಉಳಿದವುಗಳ ಪಟ್ಟಿಯನ್ನು ಕೊನೆಗೆ ಮುಂದಿಡುತ್ತದೆ. ಫೈಲನ್ನು ನಕಲಿಸಲು ತಾನಾಗಿಯೇ ಕಾಪಿ2 ಬಳಸುವುದರಿಂದ ಫೈಲ್ ಕೊನೆಯದಾಗಿ ಬದಲಾದ ವೇಳೆಯೂ ಜೊತೆಯಲ್ಲೇ ಬರುತ್ತದೆ. ಬರೀ ಕಾಪಿ ಎಂಬ ಇನ್ನೊಂದಿದೆ, ಅದನ್ನು ಬಳಸಿದರೆ ನಿಮ್ಮ 2014ರ ಮದುವೆಯ ಫೈಲುಗಳೆಲ್ಲ ಇವತ್ತು ಹುಟ್ಟಿದಂತೆ ಕಾಣುತ್ತವೆ. ಚಿತ್ರ ತೆಗೆದ ದಿನ ಎಕ್ಸಿಫ್ ಮಾಹಿತಿಯಾಗಿ ಚಿತ್ರದೊಳಗೇ ಇರುತ್ತದೆ, ಅದಕ್ಕೆ ಧಕ್ಕೆ ಇಲ್ಲ. ಆದರೂ ವೇಳೆ ಉಳಿಯಬೇಕು, ಯಾಕೆಂದರೆ ಮುಂದಿನ ವರ್ಷ ‘ಅಳತೆಯೂ ವೇಳೆಯೂ ಒಂದೇ ಇದ್ದರೆ ಬಿಟ್ಟುಬಿಡು’ ಎನ್ನಬೇಕಲ್ಲ. ಕಾಪಿಟ್ರೀ ತಾನಾಗಿ ಬಿಡುವುದಿಲ್ಲ, ಎಲ್ಲವನ್ನೂ ಪ್ರತಿ ಸಲ ಹೊಸದಾಗಿ ಬರೆಯುತ್ತದೆ. ಆದರೆ ನಕಲಿಸುವ ಕೆಲಸಕ್ಕೆ ನಿಮ್ಮದೇ ಪುಟ್ಟ ಫಂಕ್ಷನ್ ಕೊಡಬಹುದು: ಗುರಿಯಲ್ಲಿ ಫೈಲ್ ಇದೆಯೇ, ಅಳತೆ ಮತ್ತು ವೇಳೆ ಹೊಂದುತ್ತವೆಯೇ ನೋಡು, ಹೊಂದದಿದ್ದರೆ ಮಾತ್ರ ಕಾಪಿ2 ಕರೆ. ನಾಲ್ಕೈದು ಸಾಲು. ಚಿಕ್ಕಚಿತ್ರಗಳ ಕ್ಯಾಶ್ ಫೈಲುಗಳು ಬೇಡವಾದರೆ ಇಗ್ನೋರ್-ಪ್ಯಾಟರ್ನ್ಸ್‌ಗೆ ಅವುಗಳ ಹೆಸರು ಕೊಡಿ.

ಓಲೆಗರಿ · ಮಂಗಳವಾರ, ಸಂಜೆ 7:45

ಮೈಸೂರಿನಲ್ಲಿ ಓಲೆಗರಿ ಪ್ರತಿಗಳ ಸ್ಕ್ಯಾನ್ ಕೆಲಸ ಮಾಡುತ್ತೇನೆ, ಫೋಲ್ಡರ್ ನಕಲಿಸುವುದು ನನಗೆ ದಿನದ ಅನ್ನ. ಹೆಸರಿನ ವಿಷಯ ಬಂದದ್ದರಿಂದ ಎರಡು ಮಾತು.

ಸ್ಟುಡಿಯೊದವರೇ, ನೀವು ಆಲ್ಬಂ ಕೆಲಸಕ್ಕೆ ಎಂದಾದರೂ ಮ್ಯಾಕ್ ಬಳಸಿದ್ದರೆ ಒಂದೇ ಹೆಸರಿನ ಎರಡು ಫೋಲ್ಡರುಗಳು ಅಕ್ಕಪಕ್ಕದಲ್ಲಿ ಕೂತಿರಬಹುದು. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಹೆಸರನ್ನು ಬಿಡಿಸಿ ಬರೆದಿಡುತ್ತವೆ. ‘ಮೇಲುಕೋಟೆ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಾವು ಕೀಲಿಮಣೆಯಲ್ಲಿ ಒತ್ತಿದಂತೆ ಅದರಲ್ಲಿ 8 ಯುನಿಕೋಡ್ ಸಂಕೇತಗಳಿವೆ. ಆ ಡಿಸ್ಕಿನಲ್ಲಿ ಏತ್ವ ಎರಡು ತುಂಡು, ಓತ್ವ ಮೂರು ತುಂಡು ಆಗಿ ಒಟ್ಟು 11 ಆಗುತ್ತವೆ. ಕಣ್ಣಿಗೆ ಎರಡೂ ಮೇಲುಕೋಟೆಯೇ, ವಿಂಡೋಸಿಗೆ ಎರಡು ಬೇರೆ ಊರು. ಹೋಲಿಸುವ ಸ್ಕ್ರಿಪ್ಟ್ ‘ಇದು ಅಲ್ಲಿಲ್ಲ’ ಎಂದು ಇಡೀ ಫೋಲ್ಡರನ್ನು ಮತ್ತೊಮ್ಮೆ ಹೊರುತ್ತದೆ. ಪೈಥಾನಿನ ಯುನಿಕೋಡ್‌ಡೇಟಾದಲ್ಲಿ ನಾರ್ಮಲೈಸ್ ಇದೆ, ಹೆಸರುಗಳನ್ನು ಎನ್‌ಎಫ್‌ಸಿ ಎಂಬ ಕೂಡಿಸಿ ಬರೆದ ರೂಪಕ್ಕೆ ತಂದು ಆಮೇಲೆ ಹೋಲಿಸಿ. ಅರ್ಕಾವೊತ್ತು ತಪ್ಪಿಸಲು, ಪದದ ಕೊನೆಯ ಅರ್ಧಾಕ್ಷರ ನಿಲ್ಲಿಸಲು ನಾವು ಒತ್ತುವ ಕಾಣದ ಅಕ್ಷರಗಳನ್ನು ಮಾತ್ರ ಅದು ತೆಗೆಯುವುದಿಲ್ಲ, ಅವನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಎರಡನೆಯದು ಉದ್ದ. ಮದುವೆಯ ಫೋಲ್ಡರಿಗೆ ನೀವೆಲ್ಲ ಲಗ್ನಪತ್ರಿಕೆಯನ್ನೇ ಹೆಸರಾಗಿ ಇಡುತ್ತೀರಿ. ಚಿ.ರಾ. ಇಂಥವರು, ಚಿ.ಕುಂ.ಸೌ. ಇಂಥವರು, ಮುಹೂರ್ತ, ಕಲ್ಯಾಣ ಮಂಟಪ. ವಿಂಡೋಸ್ ಒಂದು ಹೆಸರಿಗೆ 255 ಸಂಕೇತಗಳವರೆಗೆ ಒಪ್ಪುತ್ತದೆ. ಲಿನಕ್ಸಿನ ಇಎಕ್ಸ್‌ಟಿ4 ಡಿಸ್ಕ್ ವ್ಯವಸ್ಥೆ ಲೆಕ್ಕ ಹಾಕುವುದು ಬೈಟುಗಳನ್ನು, ಮಿತಿ 255 ಬೈಟು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು. ಅಂದರೆ 85ಕ್ಕೆ ಮುಗಿಯಿತು. ‘ಶ್ರೀ’ ಒಂದೇ ಅಕ್ಷರದಂತೆ ಕಂಡರೂ ಅದೊಂದೇ 12 ಬೈಟು ನುಂಗುತ್ತದೆ. ಮನೆಯಲ್ಲಿ ಇಡುವ ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಒಳಗೆ ಲಿನಕ್ಸೇ.

ಹಳೆಯ ಲಿಪಿಕಾರರು ಪ್ರತಿಯ ಕೊನೆಗೆ ಒಂದು ಶ್ಲೋಕ ಬರೆಯುತ್ತಿದ್ದರು: ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ ನನ್ನ ದೋಷವಿಲ್ಲ ಎಂದು. ಸ್ಕ್ರಿಪ್ಟುಗಳೂ ಅಷ್ಟೇ, ಶ್ಲೋಕ ಹೇಳುವುದಿಲ್ಲ ಅಷ್ಟೇ.

ಬನ್ನಿಮಂಟಪ · ಮಂಗಳವಾರ, ರಾತ್ರಿ 8:10

ಇಷ್ಟೆಲ್ಲ ಓದಿ ತಲೆ ತಿರುಗಿತು. ವಿಂಡೋಸಿನಲ್ಲೇ ರೋಬೋಕಾಪಿ ಎಂಬ ನಕಲಿಸುವ ಆದೇಶ ಇದೆಯಲ್ಲ. ಹೊರಗಿನ ಹಳೆಯದನ್ನು ಅಳಿಸಿ, ಮಿರರ್ ಹಾಕಿ ಓಡಿಸಿ, ಎರಡೂ ಕಡೆ ಒಂದೇ ಆಗುತ್ತದೆ. ಮುಗಿಯಿತು.

ಪಶ್ಚಿಮವಾಹಿನಿ · ಮಂಗಳವಾರ, ರಾತ್ರಿ 8:26

ಎಂಐಆರ್ ಎಂಬ ಆ ಮೂರಕ್ಷರ ನೋಡಿದರೆ ನನಗೆ ಈಗಲೂ ಕೈ ತಣ್ಣಗಾಗುತ್ತದೆ. ಮಿರರ್ ಎಂದರೆ ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲಿ ಅಳಿಸು ಎಂದೂ ಅರ್ಥ. ಕೆಲವು ವರ್ಷದ ಹಿಂದೆ ಹೊಸ ಡಿಸ್ಕಿನಲ್ಲಿ ಅದೇ ಹೆಸರಿನ ಖಾಲಿ ಫೋಲ್ಡರ್ ಮಾಡಿಟ್ಟು, ಆದೇಶ ಬರೆಯುವಾಗ ಮೂಲ ಮತ್ತು ಗುರಿಯನ್ನು ಅದಲು ಬದಲು ಮಾಡಿದೆ. ಖಾಲಿಯ ಪ್ರತಿಬಿಂಬ ಖಾಲಿಯೇ ತಾನೆ? ಮಗಳ ಮೊದಲ ಎರಡು ವರ್ಷದ ಚಿತ್ರಗಳು ಅರ್ಧ ನಿಮಿಷದಲ್ಲಿ ಹೋದವು. ರಿಸೈಕಲ್ ಬಿನ್ನಿಗೂ ಹೋಗುವುದಿಲ್ಲ. ಆಮೇಲೆ ನೆಂಟರ ಮೊಬೈಲುಗಳಿಂದ ಬೇಡಿ ಕೂಡಿಸಿದ್ದು ನೂರು ಚಿತ್ರ.

ಆದ್ದರಿಂದ ದಯವಿಟ್ಟು ಯಾವುದನ್ನೂ ಅಳಿಸಬೇಡಿ. ಮೊದಲು ಆದೇಶಕ್ಕೆ ಎಲ್ ಎಂಬ ಆಯ್ಕೆ ಸೇರಿಸಿ ಓಡಿಸಿ. ಏನೂ ನಕಲಾಗುವುದಿಲ್ಲ, ಏನೂ ಅಳಿಯುವುದಿಲ್ಲ, ಏನು ಮಾಡುತ್ತಿದ್ದೆ ಎಂಬ ಪಟ್ಟಿ ಮಾತ್ರ ಬರುತ್ತದೆ. ಗುರಿಯಲ್ಲಿ ಹೆಚ್ಚುವರಿ ಇರುವುದರ ಪಕ್ಕದಲ್ಲಿ ‘ಎಕ್ಸ್‌ಟ್ರಾ’ ಎಂದು ಬರೆದಿರುತ್ತದೆ. ಆ ಸಾಲುಗಳನ್ನು ಒಂದೊಂದೇ ಓದಿ. ಕನ್ನಡ ಹೆಸರುಗಳಿರುವುದರಿಂದ ದಾಖಲೆ ಬರೆಸಲು ಯುನಿಲಾಗ್ ಎಂಬ ಆಯ್ಕೆ ಬಳಸಿ, ಇಲ್ಲದಿದ್ದರೆ ಪಟ್ಟಿಯ ತುಂಬ ಪ್ರಶ್ನಾರ್ಥಕ ಚಿಹ್ನೆ.

ಕುವೆಂಪುನಗರ ಕೋಡಿಗ · ಮಂಗಳವಾರ, ರಾತ್ರಿ 9:15

ಒಪ್ಪುತ್ತೇನೆ. ರೋಬೋಕಾಪಿ ಕೆಟ್ಟದ್ದಲ್ಲ, 260 ಅಕ್ಷರ ಮೀರಿದ ಹಾದಿಗಳನ್ನೂ ಸಲೀಸಾಗಿ ನಿಭಾಯಿಸುತ್ತದೆ. ಬದಲಾಗದ ಫೈಲನ್ನು ತಾನಾಗಿಯೇ ಬಿಡುತ್ತದೆ. ಆದರೆ ಎಷ್ಟು ಸಲ ಪ್ರಯತ್ನ ಎಂಬುದಕ್ಕೆ ಆರ್, ನಡುವೆ ಎಷ್ಟು ಕಾಯಬೇಕು ಎಂಬುದಕ್ಕೆ ಡಬ್ಲ್ಯೂ, ಈ ಎರಡನ್ನು ಕೊಡಲು ಮರೆಯಬೇಡಿ. ಏನೂ ಹೇಳದಿದ್ದರೆ, ಓದಲಾಗದ ಒಂದು ಫೈಲಿಗೆ ಅದು 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ಗುಣಿಸಿ ನೋಡಿದೆ, 347 ದಿನ. ಮುಂದಿನ ಆಷಾಢವೇ ಬಂದುಬಿಡುತ್ತದೆ. ಎರಡು ಸಲ, ಐದು ಸೆಕೆಂಡು ಸಾಕು.

ಅದನ್ನು ಪೈಥಾನಿನಿಂದ ಕರೆಯುವವರು ಇನ್ನೊಂದು ಗಮನಿಸಿ: ಎಲ್ಲ ಸರಿಯಾಗಿ ನಕಲಾದಾಗ ಅದು 1 ಎಂದು ಉತ್ತರಿಸುತ್ತದೆ. ಸೊನ್ನೆ ಎಂದರೆ ನಕಲಿಸಲು ಏನೂ ಇರಲಿಲ್ಲ ಎಂದು. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಸೋಲು. ಸೊನ್ನೆ ಅಲ್ಲದ್ದೆಲ್ಲ ತಪ್ಪು ಎಂದುಕೊಂಡ ಸ್ಕ್ರಿಪ್ಟ್ ನಮ್ಮ ಹಿಂದಿನ ಕಚೇರಿಯಲ್ಲಿ ಮೂರು ತಿಂಗಳು ರಾತ್ರಿ ರಾತ್ರಿ ಎಚ್ಚರಿಕೆ ಕಳಿಸುತ್ತಿತ್ತು.

ನಕಲಾದ ಮೇಲೆ ನಂಬಿಕೆ ಬರಬೇಕಾದರೆ ಎರಡೂ ಕಡೆ ಎಸ್‌ಎಚ್‌ಎ-256 ಮುದ್ರೆ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಬೆರಳಚ್ಚು) ತೆಗೆದು ಹೋಲಿಸಿ. ಸೆಕೆಂಡಿಗೆ 120 ಎಂಬಿ ಓದುವ ಡಿಸ್ಕಿನಲ್ಲಿ 2 ಟಿಬಿಗೆ ನಾಲ್ಕೂವರೆ ಗಂಟೆ ಮೀರುತ್ತದೆ. ರಾತ್ರಿ ಬಿಟ್ಟು ಮಲಗಿ.

ನಿವೃತ್ತ ಮೇಷ್ಟರು · ಬುಧವಾರ, ಬೆಳಿಗ್ಗೆ 5:50

ವಿಡಿಯೊಗಳನ್ನು ಪೆನ್ ಡ್ರೈವಿಗೆ ಹಾಕುವ ಹಾಗಿದ್ದರೆ ಅದು ಎಫ್‌ಎಟಿ32 ಎಂಬ ಹಳೆಯ ಬಗೆಯದು ಅಲ್ಲವೆಂದು ನೋಡಿಕೊಳ್ಳಿ. ಅದರಲ್ಲಿ 4 ಜಿಬಿ ತಲುಪಿದ ಫೈಲ್ ಹಿಡಿಸುವುದಿಲ್ಲ, ಜಾಗ ಎಷ್ಟೇ ಖಾಲಿ ಇರಲಿ.

ಮಂಡ್ಯ ಸ್ಟುಡಿಯೊ · ಶುಕ್ರವಾರ, ರಾತ್ರಿ 11:05

ಎರಡು ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಇದೇ ಕೆಲಸ ಮಾಡಿದೆ. ಇವತ್ತು ಮನೆಯವರೆಲ್ಲ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದರು, ನಾನು ಡಿಸ್ಕಿನ ಮುಂದೆ.

ಓಲೆಗರಿ ಮೇಡಂ, ನೀವು ಹೇಳಿದ್ದು ಅಕ್ಷರಶಃ ನಿಜ. ಆಲ್ಬಂ ವಿನ್ಯಾಸ ಮಾಡುವ ಹುಡುಗನ ಮ್ಯಾಕಿನಿಂದ ಬಂದವುಗಳಲ್ಲಿ ಆರು ಫೋಲ್ಡರುಗಳಿಗೆ ಅವಳಿ ಸಿಕ್ಕಿತು. ಮನೆಯ ನೆಟ್‌ವರ್ಕ್ ಪೆಟ್ಟಿಗೆಗೆ ಹಾಕಲು ಹೋದಾಗ ಹನ್ನೊಂದು ಮದುವೆಗಳನ್ನು ಅದು ಒಳಗೇ ಬಿಟ್ಟುಕೊಳ್ಳಲಿಲ್ಲ. ಆ ಪೆಟ್ಟಿಗೆಯ ನಕಲಿಗೆ ಮಾತ್ರ ಬೀಗರ ಹೆಸರು, ಮಂಟಪದ ಹೆಸರು ಎಲ್ಲ ಕತ್ತರಿಸಿ ದಿನಾಂಕ ಮತ್ತು ವರನ ಊರು ಮಾತ್ರ ಉಳಿಸಿದೆ.

ಆಮೇಲೆ ಪಶ್ಚಿಮವಾಹಿನಿಯವರು ಹೇಳಿದಂತೆ ‘ಮದುವೆಗಳು’ ಮತ್ತು ಹೊರಗಿನ ‘ಬ್ಯಾಕಪ್’ ನಡುವೆ ಮಿರರ್ ಜೊತೆಗೆ ಎಲ್ ಹಾಕಿ ಪಟ್ಟಿ ತೆಗೆದೆ. ಎಕ್ಸ್‌ಟ್ರಾ ಫೋಲ್ಡರ್ ಎಂದು ಎರಡು ಬಂದವು. ಒಂದು, ಒಳಗೆ ಕೂತ ಆ ಚೀಲ, ಅದು ನಿರೀಕ್ಷಿಸಿದ್ದೇ. ಇನ್ನೊಂದು 2017ರ ಒಂದು ಮದುವೆ, ನಾಗಮಂಗಲದ ಕಡೆಯದು. ಡಿ ಡ್ರೈವಿನಲ್ಲಿ ಹುಡುಕಿದರೆ ಇಲ್ಲವೇ ಇಲ್ಲ. ಹೋದ ವರ್ಷ ಜಾಗ ಮಾಡಲು ಏನೇನೋ ಅಳಿಸುವಾಗ ಕೈತಪ್ಪಿ ಹೋಗಿರಬೇಕು. ಒಳಗಿನ ನಕಲಿನಲ್ಲೂ ಇಲ್ಲ. ನಾನು ನೋಡದೇ ಇದ್ದ, ಅಳಿಸಬೇಕೆಂದಿದ್ದ ಆ ಹೊರಗಿನ ಹಳೆಯದರಲ್ಲಿ ಮಾತ್ರ ಇತ್ತು. 1,312 ಚಿತ್ರ. ಎಲ್ಲವೂ ತೆರೆಯುತ್ತಿವೆ.

ಅದನ್ನು ಡಿ ಡ್ರೈವಿಗೆ ವಾಪಸ್ ತಂದು, ಹೊಸ ಡಿಸ್ಕೊಂದನ್ನು ತರಿಸಿ ಪೈಥಾನ್ ಸ್ಕ್ರಿಪ್ಟನ್ನು ಓಡಿಸಿದ್ದೇನೆ. ಈಗ ಮುದ್ರೆಗಳ ಹೋಲಿಕೆ ನಡೆಯುತ್ತಿದೆ, ಬೆಳಿಗ್ಗೆ ಮುಗಿಯಬಹುದು. ಹಳೆಯ ಡಿಸ್ಕನ್ನು ಹಾಗೆಯೇ ಬೀರುವಿನಲ್ಲಿ ಇಟ್ಟಿದ್ದೇನೆ.

ನಿವೃತ್ತ ಮೇಷ್ಟರು · ಶನಿವಾರ, ಬೆಳಿಗ್ಗೆ 6:03

ಸಂತೋಷ. ಕುತೂಹಲಕ್ಕೆ ಕೇಳುತ್ತೇನೆ, ಆ ನಾಗಮಂಗಲದ ಫೋಲ್ಡರನ್ನು ವಾಪಸ್ ತಂದದ್ದು ಯಾವ ಭಾಷೆಯಲ್ಲಿ? ಪವರ್‌ಶೆಲ್ಲೋ, ಪೈಥಾನೋ?

ಮಂಡ್ಯ ಸ್ಟುಡಿಯೊ · ಶನಿವಾರ, ಬೆಳಿಗ್ಗೆ 9:30

ಮೌಸಿನಿಂದ ಎಳೆದು ಹಾಕಿದೆ ಸರ್.